ಸ್ಕ್ಯಾನ್ ನಾರ್ಮಲ್ ಬಂದರೆ ಖಿನ್ನತೆ ಇಲ್ಲ ಅಂತಲಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಖಿನ್ನತೆ ಮತ್ತು ಮೆದುಳಿನ ಬಗ್ಗೆ ಕೇಳಿದವೇ ಜಾಸ್ತಿ. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕೇ ಉತ್ತರ ಬರೆದಿದ್ದೇನೆ. ಮೊದಲ ಪ್ರಶ್ನೆಗೆ ಉತ್ತರ ಉದ್ದವಾಗಿದೆ. ಯಾಕೆಂದರೆ ಇಂಥದೇ ಜಗಳ ತುಂಬಾ ಮನೆಗಳಲ್ಲಿ ನಡೆಯುತ್ತಿದೆ.

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಎಂಟು ತಿಂಗಳಿಂದ ಮಂಕಾಗಿದ್ದಾನೆ, ಯಾರ ಜೊತೆಗೂ ಸೇರುವುದಿಲ್ಲ, ರಾತ್ರಿ ನಿದ್ದೆ ಮಾಡುವುದಿಲ್ಲ. ಮನೋವೈದ್ಯರು ಮುಕ್ಕಾಲು ಗಂಟೆ ಮಾತಾಡಿಸಿ ಡಿಪ್ರೆಶನ್ ಅಂತ ಹೇಳಿ ಮಾತ್ರೆ ಬರೆದರು. ಸ್ಕ್ಯಾನ್ ಏನೂ ಮಾಡಿಸಲಿಲ್ಲ. ಅಪ್ಪ ಹಟ ಹಿಡಿದು ಬೇರೆ ಕಡೆ ಎಂಆರ್‌ಐ ಮಾಡಿಸಿದರು. ನಾರ್ಮಲ್ ಅಂತ ರಿಪೋರ್ಟ್ ಬಂತು. ‘ನೋಡು, ತಲೆಯಲ್ಲಿ ಏನೂ ಇಲ್ಲ, ಬರೀ ಸೋಮಾರಿತನ’ ಅಂತ ಅಪ್ಪ ದಿನಾ ಹೇಳುತ್ತಾರೆ. ತಮ್ಮ ಮಾತ್ರೆ ಬಿಟ್ಟುಬಿಟ್ಟಿದ್ದಾನೆ. ಅಪ್ಪನಿಗೆ ಹೇಗೆ ತಿಳಿಸಿ ಹೇಳಲಿ?

ಅಪ್ಪನ ವಿಷಯಕ್ಕೆ ಆಮೇಲೆ ಬರೋಣ, ಮೊದಲು ತಮ್ಮನ ವಿಷಯ. ಮಾತ್ರೆ ಬಿಟ್ಟಿದ್ದಾನೆ ಅಂತ ಆ ವೈದ್ಯರಿಗೆ ಇವತ್ತೇ ತಿಳಿಸಿ, ಈ ವಾರದೊಳಗೇ ಕರೆದುಕೊಂಡು ಹೋಗಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ಅವನನ್ನು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಅಂತ ಹೆದರಬೇಡಿ, ಹಾಗೆ ಆಗುವುದಿಲ್ಲ. ಹೌದು ಅಂದರೆ ಅವನನ್ನು ಒಬ್ಬನೇ ಬಿಡಬೇಡಿ, ಅಪಾಯಿಂಟ್‌ಮೆಂಟ್‌ಗೆ ಕಾಯದೆ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ.

ಇನ್ನು ಆ ರಿಪೋರ್ಟ್. ಆಸ್ಪತ್ರೆಯಲ್ಲಿ ಮಾಡುವ ಎಂಆರ್‌ಐ ಯಾವುದಕ್ಕೆ ಅಂದರೆ ಗೆಡ್ಡೆ ಇದೆಯಾ, ರಕ್ತಸ್ರಾವ ಆಗಿದೆಯಾ, ಪಾರ್ಶ್ವವಾಯುವಿನ ಗುರುತು ಇದೆಯಾ, ಎಲ್ಲಾದರೂ ನೀರು ತುಂಬಿದೆಯಾ ಅಂತ ನೋಡುವುದಕ್ಕೆ. ರೇಡಿಯಾಲಜಿಸ್ಟ್ ಹುಡುಕುವುದು ಇಂಥವನ್ನೇ. ನಾರ್ಮಲ್ ಅಂತ ಬರೆದರೆ ಇವು ಯಾವುವೂ ಇಲ್ಲ ಅಂತ ಅರ್ಥ, ಅದು ಸಮಾಧಾನದ ಸಂಗತಿಯೇ. ಆದರೆ ಖಿನ್ನತೆ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆಯನ್ನು ಆ ಸ್ಕ್ಯಾನ್‌ಗೆ ಯಾರೂ ಕೇಳಿಯೇ ಇಲ್ಲ. ಕೇಳಿದ್ದರೂ ಅದರ ಹತ್ತಿರ ಉತ್ತರ ಇರುತ್ತಿರಲಿಲ್ಲ. ಒಬ್ಬ ವ್ಯಕ್ತಿಗೆ ಖಿನ್ನತೆ ಇದೆ ಅಂತ ಖಚಿತವಾಗಿ ಹೇಳುವ ಸ್ಕ್ಯಾನ್ ಪ್ರಪಂಚದ ಯಾವ ಆಸ್ಪತ್ರೆಯಲ್ಲೂ ಇವತ್ತಿಗೆ ಇಲ್ಲ.

ಹಾಗಾದರೆ ವೈದ್ಯರು ಯಾವ ಆಧಾರದ ಮೇಲೆ ಹೇಳಿದರು? ಮಾತಾಡಿಸಿದರಲ್ಲ, ಅದೇ ಪರೀಕ್ಷೆ. ಒಂಬತ್ತು ಲಕ್ಷಣಗಳ ಒಂದು ಪಟ್ಟಿ ಇದೆ. ಅದರಲ್ಲಿ ಕನಿಷ್ಠ ಐದು, ಕನಿಷ್ಠ ಎರಡು ವಾರ, ದಿನದ ಹೆಚ್ಚು ಹೊತ್ತು ಇರಬೇಕು. ಆ ಐದರಲ್ಲಿ ಬೇಜಾರು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಈ ಎರಡರಲ್ಲಿ ಒಂದಾದರೂ ಇರಲೇಬೇಕು. ಇದರ ಜೊತೆಗೆ ಕೆಲಸ, ಓದು, ಸಂಬಂಧ ಎಷ್ಟು ಕೆಟ್ಟಿದೆ, ಹಿಂದೆ ಯಾವಾಗಲಾದರೂ ಅತಿಯಾದ ಉತ್ಸಾಹದ ದಿನಗಳು ಇದ್ದವಾ, ಕುಡಿತ ಇದೆಯಾ, ಬೇರೆ ಯಾವ ಔಷಧಿ ತಗೊಳ್ಳುತ್ತಿದ್ದಾನೆ, ಇದನ್ನೆಲ್ಲ ಕೇಳುತ್ತಾರೆ. ಮುಕ್ಕಾಲು ಗಂಟೆ ಕೊಟ್ಟಿದ್ದಾರೆ ಅಂದರೆ ಆ ವೈದ್ಯರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ ಅಂತ ನನಗನಿಸುತ್ತದೆ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ರಕ್ತಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಬೇಕಾ ಅಂತ ಮಾತ್ರ ಕೇಳಿ. ಇವುಗಳ ಕೊರತೆಯೂ ಖಿನ್ನತೆಯ ಹಾಗೇ ಕಾಣಿಸಬಹುದು.

ಆ ಒಂಬತ್ತರ ಪಟ್ಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಐದು ಅಥವಾ ಅದಕ್ಕಿಂತ ಜಾಸ್ತಿ ಲಕ್ಷಣಗಳನ್ನು 227 ರೀತಿಯಲ್ಲಿ ಜೋಡಿಸಬಹುದು. ಒಬ್ಬರಿಗೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಕೂತಲ್ಲಿ ಕೂರಲಾಗುವುದಿಲ್ಲ. ಇನ್ನೊಬ್ಬರು ದಿನವಿಡೀ ಮಲಗಿರುತ್ತಾರೆ, ತೂಕ ಏರುತ್ತದೆ, ಕೈಕಾಲು ಎತ್ತುವುದೇ ಭಾರ. ಇಬ್ಬರಿಗೂ ಹೆಸರು ಒಂದೇ, ಖಿನ್ನತೆ. ಇಷ್ಟು ಬೇರೆ ಬೇರೆ ಪಾಡುಗಳಿಗೆಲ್ಲ ಮೆದುಳಿನಲ್ಲಿ ಒಂದೇ ಗುರುತು ಸಿಗಬೇಕು ಅಂತ ನಿರೀಕ್ಷಿಸುವುದೇ ಕಷ್ಟ, ಅಲ್ವಾ?

‘ಹಾಗಾದರೆ ಮೆದುಳಿನಲ್ಲಿ ಏನೂ ಬದಲಾಗಿರುವುದಿಲ್ಲವಾ?’ ಅಂತ ಅಪ್ಪ ಕೇಳಬಹುದು. ಬದಲಾಗಿರುತ್ತದೆ. 2016ರಲ್ಲಿ ಹಲವು ದೇಶಗಳ ತಂಡಗಳು ಒಟ್ಟು ಸೇರಿ ಖಿನ್ನತೆ ಇರುವ 1,728 ಜನರ ಮೆದುಳನ್ನು ಇಲ್ಲದ 7,199 ಜನರ ಮೆದುಳಿಗೆ ಹೋಲಿಸಿ ನೋಡಿದವು. ನೆನಪಿಗೆ ಸಂಬಂಧಪಟ್ಟ ಹಿಪೊಕ್ಯಾಂಪಸ್ ಅನ್ನುವ ಭಾಗ ಖಿನ್ನತೆ ಇರುವವರಲ್ಲಿ ಸರಾಸರಿ ಶೇ 1.2ರಷ್ಟು ಚಿಕ್ಕದಾಗಿತ್ತು. ಇದು ನಿಜವಾದ ವ್ಯತ್ಯಾಸ, ಆದರೆ ಸರಾಸರಿಯ ವ್ಯತ್ಯಾಸ. ಒಂದು ಊರಿನ ಜನ ಇನ್ನೊಂದು ಊರಿನವರಿಗಿಂತ ಸರಾಸರಿ ಒಂದು ಸೆಂಟಿಮೀಟರ್ ಕುಳ್ಳಗಿದ್ದಾರೆ ಅಂದುಕೊಳ್ಳಿ. ದಾರಿಯಲ್ಲಿ ಸಿಕ್ಕ ಒಬ್ಬರ ಎತ್ತರ ಅಳೆದು ಇವರು ಇಂಥ ಊರಿನವರೇ ಅಂತ ಹೇಳಲು ಆಗುತ್ತಾ? ಇಲ್ಲೂ ಹಾಗೆಯೇ. ಜರ್ಮನಿಯ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 1,809 ಜನರಿದ್ದರು. ಮೆದುಳಿನ ಆಕಾರ, ಕೆಲಸ, ಸಂಪರ್ಕ ಎಲ್ಲವನ್ನೂ ಅಳೆದು ಒಂದೊಂದು ಅಳತೆಯಿಂದಲೂ ಯಾರಿಗೆ ಖಿನ್ನತೆ ಇದೆ ಅಂತ ಗುರುತಿಸಲು ನೋಡಿದರು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ಅಳತೆಗಳಿಂದಲೂ ಸರಿಯುತ್ತರ ಬಂದಿದ್ದು ಶೇ 54ರಿಂದ 56ರಷ್ಟು ಮಾತ್ರ. ಕಣ್ಣು ಮುಚ್ಚಿ ಹೇಳಿದರೂ 50 ಸರಿಯಾಗುತ್ತದೆ.

ಅಪ್ಪನಿಗೆ ಇಷ್ಟು ಹೇಳಿ: ಈ ಸ್ಕ್ಯಾನ್ ನಾರ್ಮಲ್ ಬಂದಿದೆ, ಖಿನ್ನತೆ ಇರುವ ಬಹುತೇಕ ಎಲ್ಲರಿಗೂ ನಾರ್ಮಲ್ಲೇ ಬರುತ್ತದೆ. ಆಮೇಲೆ ಅವರನ್ನೂ ವೈದ್ಯರ ಹತ್ತಿರ ಜೊತೆಯಲ್ಲೇ ಕರೆದುಕೊಂಡು ಹೋಗಿ. ಹಟ ಹಿಡಿದು ಸ್ಕ್ಯಾನ್ ಮಾಡಿಸಿದ ಅಪ್ಪನಿಗೆ ಮಗನ ಬಗ್ಗೆ ಭಯ ಇದೆ. ಅದೇ ಮಾತನ್ನು ವೈದ್ಯರ ಬಾಯಿಂದ ಕೇಳಿದರೆ ಆ ಭಯಕ್ಕೆ ಒಂದು ದಾರಿ ಸಿಗುತ್ತದೆ.

ಪ್ರಶ್ನೆ: ಸೆರೊಟೋನಿನ್ ಕಮ್ಮಿಯಾದರೆ ಡಿಪ್ರೆಶನ್ ಬರುತ್ತದೆ, ಅದಕ್ಕೇ ಮಾತ್ರೆ ಅಂತ ನನಗೆ ಹೇಳಿದ್ದರು. ಈಗ ಅದು ಸುಳ್ಳು ಅಂತ ಸಾಬೀತಾಗಿದೆಯಂತೆ. ಎರಡು ವರ್ಷದಿಂದ ಮಾತ್ರೆ ನುಂಗುತ್ತಿದ್ದೇನೆ, ಆರಾಮಾಗಿದ್ದೇನೆ. ನಿಲ್ಲಿಸಿಬಿಡಲಾ?

ಇದ್ದಕ್ಕಿದ್ದ ಹಾಗೆ ನಿಲ್ಲಿಸಿಬಿಡಬೇಡಿ. ತಲೆಸುತ್ತು, ತಲೆಯೊಳಗೆ ಶಾಕ್ ಹೊಡೆದ ಹಾಗೆ ಆಗುವುದು, ಸಿಡಿಮಿಡಿ, ನಿದ್ದೆಗೇಡು ಎಲ್ಲ ಬರಬಹುದು. ನಿಲ್ಲಿಸುವ ಮನಸ್ಸಿದ್ದರೆ ವೈದ್ಯರಿಗೆ ಹೇಳಿ, ಡೋಸ್ ನಿಧಾನವಾಗಿ ಇಳಿಸುತ್ತಾ ಹೋಗಬೇಕು. ಎರಡು ವರ್ಷ ಆರಾಮಾಗಿದ್ದವರು ಇದನ್ನು ಕೇಳುವುದರಲ್ಲಿ ತಪ್ಪೇನಿಲ್ಲ.

ಆ ಸೆರೊಟೋನಿನ್ ಕಥೆ ಎಲ್ಲಿಂದ ಬಂತು ನೋಡಿ. 1950ರ ದಶಕದಲ್ಲಿ ಕ್ಷಯರೋಗಕ್ಕೆ ಇಪ್ರೊನಿಯಾಜಿಡ್ ಅನ್ನುವ ಔಷಧಿ ಕೊಟ್ಟಾಗ ಕೆಲವು ರೋಗಿಗಳು ವಿಪರೀತ ಲವಲವಿಕೆಯಿಂದ ಓಡಾಡತೊಡಗಿದರು. ಅದೇ ಹೊತ್ತಿಗೆ ರೋಲಂಡ್ ಕೂನ್ ಅನ್ನುವ ಸ್ವಿಸ್ ವೈದ್ಯರು, ಸ್ಕಿಜೋಫ್ರೇನಿಯಾಕ್ಕೆ ಉಪಯೋಗ ಆದೀತು ಅಂತ ಕಳಿಸಿದ್ದ ಇಮಿಪ್ರಮಿನ್ ಖಿನ್ನತೆಯವರಿಗೆ ಕೆಲಸ ಮಾಡುವುದನ್ನು ಕಂಡು 1957ರಲ್ಲಿ ಪ್ರಕಟಿಸಿದರು. ಎರಡೂ ಔಷಧಿಗಳು ನರಕೋಶಗಳ ನಡುವೆ ನೊರ್‌ಅಡ್ರಿನಲಿನ್, ಸೆರೊಟೋನಿನ್ ರಾಸಾಯನಿಕಗಳನ್ನು ಜಾಸ್ತಿ ಮಾಡುತ್ತವೆ ಅಂತ ಆಮೇಲೆ ಗೊತ್ತಾಯಿತು. ಜಾಸ್ತಿ ಮಾಡಿದರೆ ವಾಸಿ ಆಗುತ್ತದೆ ಅಂದಮೇಲೆ ಕಾಯಿಲೆ ಅಂದರೆ ಅವುಗಳ ಕೊರತೆಯೇ ಇರಬೇಕು ಅಂತ 1965ರಲ್ಲಿ ಜೋಸೆಫ್ ಶಿಲ್ಡ್‌ಕ್ರಾಟ್, ಆಮೇಲೆ ಆಲೆಕ್ ಕೊಪೆನ್ ವಾದ ಮುಂದಿಟ್ಟರು. ಅವರು ಇಟ್ಟಿದ್ದು ಒಂದು ಊಹೆ. ಜನರ ಬಾಯಲ್ಲಿ ಅದು ಸತ್ಯ ಆಯಿತು.

ಊಹೆಯಲ್ಲಿ ತೊಡಕು ಮೊದಲಿಂದಲೂ ಇತ್ತು. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಸೆರೊಟೋನಿನ್ ಏರುತ್ತದೆ, ಆದರೆ ಮನಸ್ಸು ಸರಿಯಾಗಲು ವಾರಗಳು ಬೇಕು. ಆರೋಗ್ಯವಂತರಲ್ಲಿ ಆಹಾರದ ಮೂಲಕ ಸೆರೊಟೋನಿನ್ ತಗ್ಗಿಸಿ ನೋಡಿದರೂ ಸಾಮಾನ್ಯವಾಗಿ ಅವರಿಗೆ ಖಿನ್ನತೆ ಬರುವುದಿಲ್ಲ. 2022ರಲ್ಲಿ ಜೋಆನಾ ಮೊನ್‌ಕ್ರೀಫ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, ಸೆರೊಟೋನಿನ್ ಕೊರತೆಯೇ ಕಾರಣ ಅನ್ನಲು ಗಟ್ಟಿ ಪುರಾವೆ ಇಲ್ಲ ಅಂತ ಬರೆದರು. ನೀವು ಕೇಳಿದ್ದು ಇದನ್ನೇ ಇರಬೇಕು. ಆದರೆ ಔಷಧಿ ಕೆಲಸ ಮಾಡುತ್ತದಾ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಬೇರೆಯೇ ಲೆಕ್ಕ ಇದೆ. 2018ರಲ್ಲಿ 522 ಪ್ರಯೋಗಗಳನ್ನು ಒಟ್ಟುಗೂಡಿಸಿ 21 ಔಷಧಿಗಳನ್ನು ಅಳೆದಾಗ ಎಲ್ಲವೂ ಔಷಧಿಯೇ ಇಲ್ಲದ ಖಾಲಿ ಮಾತ್ರೆಗಿಂತ ಮುಂದಿದ್ದವು. ಬಹಳ ಮುಂದೆ ಅಲ್ಲ. ಕೆಲವರಿಗೆ ಜೀವವೇ ಮರಳಿ ಬಂದ ಹಾಗಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ, ಸರಾಸರಿ ನಡುವೆ ನಿಲ್ಲುತ್ತದೆ.

ಕೆಲಸ ಮಾಡುವುದು ಹೇಗೆ? ನರಕೋಶಗಳು ಹೊಸ ಸಂಪರ್ಕ ಬೆಳೆಸಿಕೊಳ್ಳಲು ಈ ಮಾತ್ರೆಗಳು ನೆರವಾಗುತ್ತವೆ, ಅದಕ್ಕೇ ವಾರಗಟ್ಟಲೆ ಹಿಡಿಯುತ್ತದೆ ಅನ್ನುವ ವಿವರಣೆಯನ್ನು ಈಗ ಹೆಚ್ಚು ಜನ ಒಪ್ಪುತ್ತಾರೆ. 2003ರಲ್ಲಿ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶ ಹುಟ್ಟದ ಹಾಗೆ ಎಕ್ಸ್‌ರೇ ಹಾಯಿಸಿ ತಡೆದಾಗ ಔಷಧಿಯ ಪರಿಣಾಮವೂ ನಿಂತುಹೋಯಿತು. ಇಲಿಯದ್ದು ಮನುಷ್ಯರಿಗೆ ಪೂರ್ತಿ ಹೊಂದುತ್ತದೆ ಅಂತಲ್ಲ. ಇನ್ನು ಅರಿವಳಿಕೆಗೆ ಬಳಸುವ ಕೆಟಮಿನ್ ಅನ್ನುವ ಔಷಧಿ ಖಿನ್ನತೆಗೂ ಬಂದ ಮೇಲೆ ಚಿತ್ರ ಇನ್ನೂ ಬದಲಾಗಿದೆ. ಅದು ಗ್ಲುಟಮೇಟ್ ಅನ್ನುವ ಬೇರೆಯೇ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತದೆ, ಕೆಲವರಲ್ಲಿ ಗಂಟೆಗಳೊಳಗೇ ಪರಿಣಾಮ ಕಾಣುತ್ತದೆ. ಅದರದೇ ಒಂದು ರೂಪವನ್ನು ಮೂಗಿನ ಸ್ಪ್ರೇ ಆಗಿ, ವೈದ್ಯರ ಕಣ್ಣೆದುರಿಗೇ ತಗೊಳ್ಳಬೇಕು ಅನ್ನುವ ಷರತ್ತಿನೊಂದಿಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿದರು.

ಪ್ರಶ್ನೆ: ಖಿನ್ನತೆ ಇರುವವರ ಮೆದುಳು, ಇಲ್ಲದವರ ಮೆದುಳು ಅಂತ ಪಕ್ಕಪಕ್ಕದಲ್ಲಿ ಬಣ್ಣದ ಚಿತ್ರ ಹಾಕುತ್ತಾರಲ್ಲ, ಆ ಕೆಂಪು ಹಳದಿ ನಿಜಕ್ಕೂ ಏನು?

ಮೆದುಳಿನಲ್ಲಿ ಬಣ್ಣ ಇಲ್ಲ, ಬೆಳಕೂ ಇಲ್ಲ. ಎಫ್‌ಎಂಆರ್‌ಐ (ಕೆಲಸ ಮಾಡುತ್ತಿರುವ ಮೆದುಳನ್ನು ನೋಡುವ ಎಂಆರ್‌ಐ) ಚಿತ್ರವಾದರೆ ಅದು ರಕ್ತದ ಲೆಕ್ಕ. ಆಮ್ಲಜನಕ ಇರುವ ರಕ್ತ ಮತ್ತು ಇಲ್ಲದ ರಕ್ತ ಅಯಸ್ಕಾಂತದ ಎದುರು ಬೇರೆ ಬೇರೆ ಥರ ವರ್ತಿಸುತ್ತವೆ. ಇದನ್ನು ಬಳಸಿಕೊಂಡು ಮೆದುಳಿನ ಚಟುವಟಿಕೆಯ ಸುಳಿವು ಹಿಡಿಯಬಹುದು ಅಂತ ಸೀಜಿ ಒಗಾವಾ 1990ರಲ್ಲಿ ತೋರಿಸಿದರು. ನರಕೋಶಗಳು ಕೆಲಸ ಮಾಡಿದ ಕಡೆಗೆ ರಕ್ತ ಜಾಸ್ತಿ ಹರಿದುಬರುತ್ತದೆ, ಅದೂ ನಾಲ್ಕೈದು ಸೆಕೆಂಡ್ ತಡವಾಗಿ. ಯಂತ್ರ ನೋಡುವ ಅತಿ ಚಿಕ್ಕ ತುಣುಕು ಎರಡು ಮೂರು ಮಿಲಿಮೀಟರ್ ಅಗಲ. ಅಷ್ಟರಲ್ಲೇ ಲಕ್ಷಗಟ್ಟಲೆ ನರಕೋಶಗಳಿರುತ್ತವೆ. ಕೆಂಪು ಹಳದಿ ಅಂದರೆ ‘ಇಲ್ಲಿ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಆಕಸ್ಮಿಕ ಇರಲಾರದು’ ಅಂತ ಕಂಪ್ಯೂಟರ್ ಬಳಿದ ಗುರುತು. ಕೆಲವು ಚಿತ್ರಗಳು ಪೆಟ್ ಸ್ಕ್ಯಾನ್‌ನವು. ಅಲ್ಲಿ ವಿಕಿರಣ ಸೇರಿಸಿದ ಸಕ್ಕರೆಯಂಥ ವಸ್ತು ಕೊಟ್ಟು ಯಾವ ಭಾಗ ಎಷ್ಟು ಹೀರಿಕೊಳ್ಳುತ್ತದೆ ಅಂತ ನೋಡುತ್ತಾರೆ.

ಆ ಗುರುತನ್ನು ತಪ್ಪಾಗಿ ಬಳಿಯುವುದು ಎಷ್ಟು ಸುಲಭ ಅಂತ ತೋರಿಸಲೆಂದೇ 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರ್‌ನಲ್ಲಿ ಇಟ್ಟು ಅದಕ್ಕೆ ಮನುಷ್ಯರ ಫೋಟೊ ತೋರಿಸಿದರು. ಸಾವಿರಾರು ತುಣುಕುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿಯನ್ನು ಬಿಟ್ಟಾಗ ಸತ್ತ ಮೀನಿನ ಮೆದುಳಿನಲ್ಲೂ ‘ಚಟುವಟಿಕೆ’ ಕಂಡಿತು. ತಿದ್ದುಪಡಿ ಮಾಡಿದಾಗ ಮಾಯವಾಯಿತು. ತಲೆ ಅಲುಗಾಡುವುದು ಇನ್ನೊಂದು ತೊಂದರೆ. ಒಂದು ಮಿಲಿಮೀಟರ್‌ಗಿಂತ ಕಮ್ಮಿ ಅಲುಗಿದರೂ ಎರಡು ಭಾಗಗಳ ನಡುವೆ ಇಲ್ಲದ ಸಂಪರ್ಕ ಇದ್ದ ಹಾಗೆ ಕಾಣಬಹುದು ಅಂತ 2012ರಲ್ಲಿ ಗೊತ್ತಾದ ಮೇಲೆ ಎಷ್ಟೋ ಹಳೆಯ ಫಲಿತಾಂಶಗಳನ್ನು ಮತ್ತೆ ನೋಡಬೇಕಾಯಿತು.

ಒಂದು ಉದಾಹರಣೆ ಕೊಡುತ್ತೇನೆ. ನಾವು ಏನೂ ಮಾಡದೆ ಸುಮ್ಮನೆ ಕೂತು ನಮ್ಮ ಬಗ್ಗೆಯೇ ಯೋಚಿಸುವಾಗ ಚುರುಕಾಗುವ ಒಂದು ಜಾಲ ಮೆದುಳಿನಲ್ಲಿದೆ, ಡಿಫಾಲ್ಟ್ ಮೋಡ್ ಜಾಲ ಅಂತ ಹೆಸರು. ಖಿನ್ನತೆಯಲ್ಲಿ ಅದೇ ನೋವಿನ ಯೋಚನೆ ತಿರುತಿರುಗಿ ಬರುತ್ತದಲ್ಲ, ಅದಕ್ಕೂ ಈ ಜಾಲಕ್ಕೂ ನಂಟಿದೆ, ಅದರೊಳಗಿನ ಸಂಪರ್ಕ ಜಾಸ್ತಿ ಆಗಿರುತ್ತದೆ ಅಂತ ಹಲವು ಅಧ್ಯಯನಗಳು ಹೇಳಿದ್ದವು. 2019ರಲ್ಲಿ ಚೀನಾದ 25 ತಂಡಗಳು 1,300 ರೋಗಿಗಳ ಸ್ಕ್ಯಾನ್‌ಗಳನ್ನು ಒಂದೇ ವಿಧಾನದಲ್ಲಿ ನೋಡಿದಾಗ ಉಲ್ಟಾ ಕಂಡಿತು. ಸಂಪರ್ಕ ಕಮ್ಮಿ ಇತ್ತು, ಅದೂ ಕಾಯಿಲೆ ಮರುಕಳಿಸಿದವರಲ್ಲಿ, ಮಾತ್ರೆ ತಗೊಳ್ಳುತ್ತಿದ್ದವರಲ್ಲಿ. ಹಾಗಾದರೆ ನಾವು ನೋಡುತ್ತಿರುವುದು ಕಾಯಿಲೆಯನ್ನೋ ಮಾತ್ರೆಯನ್ನೋ? ಇದು ಸುಲಭಕ್ಕೆ ಬಗೆಹರಿಯುವ ಪ್ರಶ್ನೆ ಅಲ್ಲ.

ನನಗೆ ಈಚೆಗೆ ತುಂಬಾ ಆಶೆ ಮೂಡಿಸಿದ್ದು ಬೇರೆ ದಾರಿ ಹಿಡಿದ ಒಂದು ಕೆಲಸ. ಸಾವಿರ ಜನರನ್ನು ಒಂದೊಂದು ಸಲ ನೋಡುವ ಬದಲು ಕೆಲವೇ ಜನರನ್ನು ಮತ್ತೆ ಮತ್ತೆ, ಗಂಟೆಗಟ್ಟಲೆ ಸ್ಕ್ಯಾನ್ ಮಾಡಿದರು. 2024ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಯಾವುದಕ್ಕೆ ಗಮನ ಕೊಡಬೇಕು ಅಂತ ಆರಿಸುವ ಸೇಲಿಯನ್ಸ್ ಅನ್ನುವ ಜಾಲ ಖಿನ್ನತೆ ಇರುವ ಹೆಚ್ಚಿನವರಲ್ಲಿ ಸುಮಾರು ಎರಡರಷ್ಟು ಜಾಗ ಆವರಿಸಿತ್ತು. ಮನಸ್ಸು ಕುಗ್ಗಿದ ದಿನಗಳಲ್ಲೂ ಚೆನ್ನಾಗಿದ್ದ ದಿನಗಳಲ್ಲೂ ಅದು ಹಾಗೇ ಇತ್ತು. ಮುಂದೆ ಖಿನ್ನತೆ ಬಂದ ಮಕ್ಕಳಲ್ಲಿ ಕಾಯಿಲೆ ಶುರುವಾಗುವ ಮೊದಲೇ ಇದು ಕಂಡಿತ್ತು. ಇಷ್ಟು ದೊಡ್ಡ ವ್ಯತ್ಯಾಸ ಈ ಕ್ಷೇತ್ರದಲ್ಲಿ ಅಪರೂಪ. ಆದರೂ ಇದನ್ನು ಇಟ್ಟುಕೊಂಡು ಆಸ್ಪತ್ರೆಯಲ್ಲಿ ಯಾರಿಗೂ ರೋಗ ಹೇಳುವ ಹಾಗಿಲ್ಲ.

ಪ್ರಶ್ನೆ: ಡಿಪ್ರೆಶನ್ ಬಂದರೆ ಮೆದುಳು ಕುಗ್ಗುತ್ತದಂತೆ. ನನಗೆ ಎರಡು ಸಲ ಬಂದು ಹೋಗಿದೆ. ಹಾಳಾದದ್ದು ಸರಿಹೋಗುವುದೇ ಇಲ್ಲವಾ?

‘ಹಾಳಾದದ್ದು’ ಅನ್ನುವ ಮಾತನ್ನು ಬಿಡಿ, ಅದು ನಿಮಗೆ ಅನ್ವಯಿಸುವುದಿಲ್ಲ. ಮೊದಲ ಉತ್ತರದಲ್ಲಿ ಹೇಳಿದ 2016ರ ಅಧ್ಯಯನದಲ್ಲಿ, ಮೊದಲ ಸಲ ಖಿನ್ನತೆ ಬಂದವರ ಹಿಪೊಕ್ಯಾಂಪಸ್ ಬೇರೆಯವರಷ್ಟೇ ಇತ್ತು. ವ್ಯತ್ಯಾಸ ಕಂಡಿದ್ದು ಮತ್ತೆ ಮತ್ತೆ ಬಂದವರಲ್ಲಿ ಮತ್ತು ಚಿಕ್ಕ ವಯಸ್ಸಿನಲ್ಲೇ ಶುರುವಾದವರಲ್ಲಿ, ಅದೂ ತೀರಾ ಸಣ್ಣದು. ದೀರ್ಘಕಾಲದ ಒತ್ತಡದಲ್ಲಿ ಏರುವ ಕಾರ್ಟಿಸೋಲ್ ಅನ್ನುವ ಹಾರ್ಮೋನ್ ಇದಕ್ಕೆ ಒಂದು ಕಾರಣ ಇರಬಹುದು. ಮೊದಲೇ ಸ್ವಲ್ಪ ಚಿಕ್ಕದಿರುವವರಿಗೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚೋ ಅನ್ನುವ ವಾದವೂ ಇದೆ. ವಿದ್ಯುತ್ ಚಿಕಿತ್ಸೆ ಅಂದರೆ ಇಸಿಟಿ ಪಡೆದವರಲ್ಲಿ ಈ ಭಾಗ ದಪ್ಪ ಆಗುವುದು ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಆದರೆ ಹೆಚ್ಚು ದಪ್ಪ ಆದವರೇ ಹೆಚ್ಚು ಗುಣವಾದರು ಅಂತ ಇಲ್ಲ. ಅಳತೆಯೊಂದರಿಂದಲೇ ಮನಸ್ಸಿನ ಸ್ಥಿತಿ ಹೇಳಲಾಗುವುದಿಲ್ಲ. ನೀವು ಎರಡು ಸಲ ಹೊರಗೆ ಬಂದಿದ್ದೀರಿ. ಮೂರನೆಯ ಸಲ ಬಾರದ ಹಾಗೆ ಎಷ್ಟು ದಿನ ಚಿಕಿತ್ಸೆ ಮುಂದುವರಿಸಬೇಕು ಅಂತ ವೈದ್ಯರನ್ನು ಕೇಳಿ, ಆ ಪ್ರಶ್ನೆಗೆ ಉಪಯೋಗ ಜಾಸ್ತಿ.

ಪ್ರಶ್ನೆ: ಇಷ್ಟೆಲ್ಲ ಸಂಶೋಧನೆಯಿಂದ ರೋಗಿಗೆ ಏನಾದರೂ ಸಿಕ್ಕಿದೆಯಾ?

ಸಿಕ್ಕಿದೆ, ನಿಧಾನವಾಗಿ. ಹಣೆಯ ಹಿಂದೆ, ಮೆದುಳಿನ ಒಳಮೈಯಲ್ಲಿ ಕ್ಷೇತ್ರ 25 ಅಂತ ಒಂದು ಪುಟ್ಟ ಜಾಗ ಇದೆ. ದುಃಖ ಆದಾಗ ಅದು ಚುರುಕಾಗುತ್ತದೆ, ಖಿನ್ನತೆ ವಾಸಿಯಾದಾಗ ತಣ್ಣಗಾಗುತ್ತದೆ ಅಂತ ಹೆಲೆನ್ ಮೇಬರ್ಗ್ ಪೆಟ್ ಸ್ಕ್ಯಾನ್‌ಗಳಲ್ಲಿ ಕಂಡರು. 2005ರಲ್ಲಿ ಟೊರೊಂಟೊದಲ್ಲಿ, ಬೇರೆ ಯಾವ ಚಿಕಿತ್ಸೆಗೂ ಬಗ್ಗದ ಆರು ರೋಗಿಗಳಿಗೆ ಅಲ್ಲಿಗೆ ತೆಳುವಾದ ತಂತಿ ಇಳಿಸಿ ಸಣ್ಣ ವಿದ್ಯುತ್ ಕೊಟ್ಟರು. ಆರು ತಿಂಗಳ ನಂತರವೂ ನಾಲ್ವರು ಚೆನ್ನಾಗಿದ್ದರು. ಆಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಬಂದಾಗ ವಿದ್ಯುತ್ ಕೊಟ್ಟವರಿಗೂ ಕೊಡದವರಿಗೂ ಆರು ತಿಂಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಎರಡು ವರ್ಷದವರೆಗೆ ವಿದ್ಯುತ್ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನ ಸಾಕಷ್ಟು ಸುಧಾರಿಸಿದ್ದರು.

ಅದೇ ಜಾಗದ ತಿಳಿವಳಿಕೆ ಟಿಎಂಎಸ್‌ಗೆ ನೆರವಾಗಿದೆ. ತಲೆಯ ಹೊರಗಿನಿಂದ ಅಯಸ್ಕಾಂತದ ಮಿಡಿತ ಕೊಡುವ ಚಿಕಿತ್ಸೆ ಅದು. ಕೊಯ್ಯುವುದಿಲ್ಲ, ಅರಿವಳಿಕೆ ಬೇಡ, ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಸಿಕ್ಕಿತು. ಎಡ ಹಣೆಯ ಹತ್ತಿರ ಮಿಡಿತ ಕೊಡುತ್ತಾರೆ, ಆದರೆ ಸರಿಯಾಗಿ ಎಲ್ಲಿ? ಕ್ಷೇತ್ರ 25ರ ಜೊತೆ ಉಲ್ಟಾ ಸಂಬಂಧ ಇರುವ, ಅಂದರೆ ಇದು ಏರಿದಾಗ ಅದು ಇಳಿಯುವ ಜಾಗಗಳಲ್ಲಿ ಪರಿಣಾಮ ಚೆನ್ನಾಗಿದೆ ಅಂತ 2012ರ ಅಧ್ಯಯನವೊಂದು ತೋರಿಸಿತು. ಈಗ ಸ್ಟ್ಯಾನ್‌ಫರ್ಡ್ ವಿಧಾನದಲ್ಲಿ ಪ್ರತಿಯೊಬ್ಬರ ಸ್ಕ್ಯಾನ್ ನೋಡಿ ಅವರಿಗೆ ತಕ್ಕ ಜಾಗ ಆರಿಸಿ, ದಿನಕ್ಕೆ ಹತ್ತು ಸಲದಂತೆ ಐದು ದಿನ ಚಿಕಿತ್ಸೆ ಕೊಡುತ್ತಾರೆ. ಅದಕ್ಕೆ 2022ರಲ್ಲಿ ಒಪ್ಪಿಗೆ ಬಂತು. ಖಿನ್ನತೆಯಲ್ಲಿ ಒಬ್ಬ ರೋಗಿಯ ಸ್ಕ್ಯಾನ್ ಅದೇ ರೋಗಿಗೆ ನೇರವಾಗಿ ಉಪಯೋಗಕ್ಕೆ ಬಂದಿರುವುದು ಇಲ್ಲಿ. ಇದೆಯೋ ಇಲ್ಲವೋ ಅಂತ ಹೇಳುವುದಕ್ಕಲ್ಲ, ಎಲ್ಲಿ ಚಿಕಿತ್ಸೆ ಕೊಡಬೇಕು ಅಂತ ಹುಡುಕುವುದಕ್ಕೆ.

ಪ್ರಶ್ನೆ: ಅಮ್ಮನಿಗೆ ಇತ್ತು. ನನಗೂ ಬರುತ್ತದಾ? ಜೀನ್ ಪರೀಕ್ಷೆ ಇದೆಯಾ?

ಬರಲೇಬೇಕು ಅಂತಿಲ್ಲ. ಹೆತ್ತವರಿಗೆ ಅಥವಾ ಒಡಹುಟ್ಟಿದವರಿಗೆ ಇದ್ದರೆ ಸಾಧ್ಯತೆ ಎರಡು ಮೂರು ಪಟ್ಟು ಹೆಚ್ಚು. ಆದರೂ ಹೀಗಿರುವ ಹೆಚ್ಚಿನವರಿಗೆ ಬರುವುದಿಲ್ಲ. ಅವಳಿಗಳ ಅಧ್ಯಯನಗಳ ಪ್ರಕಾರ ವಂಶದ ಪಾಲು ಸುಮಾರು ಶೇ 37. ಸೆರೊಟೋನಿನ್‌ಗೆ ಸಂಬಂಧಪಟ್ಟ ಒಂದು ಜೀನ್ ಬಗ್ಗೆ 2003ರಲ್ಲಿ ದೊಡ್ಡ ಸುದ್ದಿಯಾಗಿತ್ತು. 2019ರಲ್ಲಿ ಲಕ್ಷಾಂತರ ಜನರ ಮಾಹಿತಿ ಇಟ್ಟುಕೊಂಡು ಅದನ್ನೂ ಸೇರಿಸಿ 18 ಪ್ರಸಿದ್ಧ ಜೀನ್‌ಗಳನ್ನು ನೋಡಿದಾಗ ಯಾವುದೂ ನಿಲ್ಲಲಿಲ್ಲ. ಈಗ ಗೊತ್ತಿರುವುದು ನೂರಾರು ಜಾಗಗಳು, ಒಂದೊಂದರ ಪಾಲೂ ಅತಿ ಸಣ್ಣದು. ಹಾಗಾಗಿ ಪರೀಕ್ಷೆ ಮಾಡಿಸಲು ಹೋಗಬೇಡಿ. ಅಮ್ಮನಿಗೆ ಯಾವ ಔಷಧಿ ಹೊಂದಿತ್ತು ಅಂತ ಮಾತ್ರ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾದರೆ ವೈದ್ಯರು ಕೇಳುತ್ತಾರೆ.

ಪ್ರಶ್ನೆ: ನನಗೆ ಖಿನ್ನತೆ ಇದೆ. ಸಂಶೋಧನೆಗಾಗಿ ಮೆದುಳಿನ ಸ್ಕ್ಯಾನ್‌ಗೆ ಬರುತ್ತೀರಾ ಅಂತ ಕೇಳಿದ್ದಾರೆ. ಹೋಗಲಾ?

ನಿಮಗೆ ಮನಸ್ಸಿದ್ದರೆ ಹೋಗಿ, ಇಂಥವರಿಲ್ಲದೆ ಮೇಲೆ ಹೇಳಿದ ಯಾವುದೂ ಗೊತ್ತಾಗುತ್ತಿರಲಿಲ್ಲ. ಎಂಆರ್‌ಐನಲ್ಲಿ ಎಕ್ಸ್‌ರೇಯಂಥ ವಿಕಿರಣ ಇಲ್ಲ, ಪೆಟ್ ಆದರೆ ಸ್ವಲ್ಪ ಇರುತ್ತದೆ, ಕೇಳಿಕೊಳ್ಳಿ. ಪೇಸ್‌ಮೇಕರ್, ಆಪರೇಶನ್‌ನಲ್ಲಿ ಒಳಗೆ ಹಾಕಿದ ಕ್ಲಿಪ್, ಕಣ್ಣಲ್ಲಿ ಲೋಹದ ಚೂರು ಏನಾದರೂ ಇದ್ದರೆ ಮೊದಲೇ ಹೇಳಲೇಬೇಕು. ಇಕ್ಕಟ್ಟಾದ ಕೊಳವೆ, ಕಿವಿಗಡಚಿಕ್ಕುವ ಶಬ್ದ, ಮುಖದ ಮುಂದೆ ಪಂಜರದ ಥರ ಒಂದು ಚೌಕಟ್ಟು, ಅಲುಗಾಡದೆ ಮಲಗಬೇಕು. ಕೈಯಲ್ಲಿ ಒತ್ತುವ ಒಂದು ರಬ್ಬರ್ ಉಂಡೆ ಕೊಟ್ಟಿರುತ್ತಾರೆ, ಭಯವಾದರೆ ಒತ್ತಿ, ಹೊರಗೆ ತೆಗೆಯುತ್ತಾರೆ. ಇದು ಚಿಕಿತ್ಸೆ ಅಲ್ಲ ಅನ್ನುವುದು ನೆನಪಿರಲಿ, ನಿಮ್ಮ ಖಿನ್ನತೆಯ ಬಗ್ಗೆ ಆ ಸ್ಕ್ಯಾನ್‌ನಿಂದ ಯಾರೂ ನಿಮಗೆ ಏನೂ ಹೇಳುವುದಿಲ್ಲ. ಸಹಿ ಹಾಕುವ ಮೊದಲು ಮೂರು ವಿಷಯ ಕೇಳಿ. ನಡುವೆ ಬಿಟ್ಟರೆ ನನ್ನ ಚಿಕಿತ್ಸೆಗೆ ತೊಂದರೆ ಆಗುತ್ತದಾ? ನನ್ನ ಮಾಹಿತಿ ಯಾರ ಕೈಗೆ ಹೋಗುತ್ತದೆ? ನೋಡುವಾಗ ಬೇರೆ ಏನಾದರೂ ಕಾಯಿಲೆ ಕಣ್ಣಿಗೆ ಬಿದ್ದರೆ ನನಗೆ ತಿಳಿಸುತ್ತೀರಾ? ಸ್ಕ್ಯಾನ್‌ಗೋಸ್ಕರ ಕೆಲವು ದಿನ ಮಾತ್ರೆ ನಿಲ್ಲಿಸಿ ಅಂದರೆ ಮಾತ್ರ ಅಲ್ಲೇ ಒಪ್ಪಬೇಡಿ, ಮೊದಲು ನಿಮ್ಮ ವೈದ್ಯರಿಗೆ ಫೋನ್ ಮಾಡಿ.